ಜಿಪ್ಪರ್ ಹೊಡೆದ ರಾಕೆಟ್ಟು: ಮಳೆಗಾಲದಲ್ಲಿ ರಿಪೇರಿ ಮಾಡೋದು ಹ್ಯಾಗೆ

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ಬಂದ್, ಹಂಗಾಗಿ ತದಡಿ ಕಡೆ ನಮ್ಮಂಥ ಫೈಬರ್ ಕೆಲಸದವ್ರಿಗೆ ಆಗಲೇ ಸೀಸನ್ನು. ಈ ಸಲ ಎರಡು ದೋಣಿ ಮಧ್ಯ ಇನ್ನೊಂದು ಐಟಂ ಬಂತು. ಅಕ್ಕನ ಮಗ ಕಾಲೇಜಿಂದ ರಜೆಗೆ ಬಂದವ ಕುಮಟಾ ಬಸ್‌ಸ್ಟ್ಯಾಂಡಿಂದ ಆಟೋದಲ್ಲಿ ಎಂತೋ ಉದ್ದ ಪೈಪ್ ತಂದ, ಅರ್ಧ ಆಟೋ ಹೊರಗೇ ಇತ್ತು, ಮೇಲೆ ಗೊಬ್ಬರದ ಚೀಲ ಸುತ್ತಿದ್ದ. "ಮಾವ, ರಾಕೆಟ್ಟು. ಸೀಳಿ ಹೋಗಿದೆ. ನೀವು ದೋಣಿಗೇ ಪ್ಯಾಚ್ ಹಾಕ್ತೀರಿ, ಇದೆಂತ ಮಹಾ" ಅಂದ.

ಇದು ದೀಪಾವಳಿ ರಾಕೆಟ್ ಅಲ್ಲ ಮಾರಾಯ್ರೆ. 4 ಇಂಚಿನ ಗ್ಲಾಸ್‌ಫೈಬರ್ ಟ್ಯೂಬು, 2 ಮೀಟರ್ ಉದ್ದ, 4.8 ಕಿಲೋ ತೂಕ, ಒಳಗೆ ಜೆ ಕ್ಲಾಸ್ ಮೋಟಾರು, ಅಂದ್ರೆ ಮದ್ದು ಉರಿದು ನೂಕೋ ಕೇಸು, ಹಾಕಿ ಹಾರಿಸಿದ್ದು. ಜೆ ಅಂದ್ರೆ ಒಟ್ಟು ನೂಕು 640ರಿಂದ 1280 ನ್ಯೂಟನ್-ಸೆಕೆಂಡು, ಅಕ್ಷರ ಒಂದು ಮುಂದೆ ಹೋದ ಹಾಗೆ ಶಕ್ತಿ ಡಬಲ್ ಆಗ್ತಾ ಹೋಗ್ತದೆ, ಎಚ್‌ನಿಂದ ಮೇಲಿಂದೆಲ್ಲ ಹೈ-ಪವರ್ ಲೆಕ್ಕ. ಹಾರಿಸಿದ್ದು ಪರ್ಮಿಷನ್ ತಗೊಂಡು, ಬೇರೆ ರಾಜ್ಯದಲ್ಲಿ. ನಮ್ಮಲ್ಲಿ ಆ ಮಾತೇ ಬೇಡ, ಕಾರವಾರದ ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ. ಇಲ್ಲಿ ರಿಪೇರಿ ಮಾತ್ರ.

ಕೈ ಹಾಕೋ ಮೊದ್ಲು

ಮೋಟಾರ್ ಕೇಸು ಹೊರಗೆ ಬಂದಿದ್ಯಾ ನೋಡಿ. ಪ್ಯಾರಾಚೂಟ್ ಹೊರದಬ್ಬೋಕೆ ಇಟ್ಟ ಮದ್ದಲ್ಲಿ ಸುಡದೆ ಉಳಿದದ್ದು ಇರಬಹುದು, ಬ್ಯಾಕಪ್ ಚಾರ್ಜ್, ಅಂದ್ರೆ ಒಂದು ಕೈಕೊಟ್ರೆ ಇರಲಿ ಅಂತ ಇನ್ನೊಂದು ಮದ್ದು, ಹಾಕಿದ್ರೆ ಅದೊಂದು ಗ್ಯಾರಂಟಿ ಚೆಕ್ ಮಾಡ್ಲೇಬೇಕು. ಎತ್ತರ ಅಳೆಯೋ ಆಲ್ಟಿಮೀಟರ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ವೈರೂ ಬಿಚ್ಚಿ. ಲಿಪೋ ಬ್ಯಾಟರಿ ಉಬ್ಬಿದ್ರೆ ಅಥವಾ ಜಜ್ಜಿ ಹೋಗಿದ್ರೆ ಅದನ್ನ ಮತ್ತೆ ಚಾರ್ಜ್ ಮಾಡೋ ಆಸೆ ಬಿಡಿ. ಮೋಟಾರು, ಮದ್ದಿನ ಸುದ್ದಿಗೆ ನಾನಂತೂ ಹೋಗೂದಿಲ್ಲ, ಅದು ಸ್ಫೋಟಕ ಕಾಯ್ದೆ ಕೆಳಗೆ ಬರೋ ಮಾಲು, ಲೈಸೆನ್ಸ್ ಇದ್ದವ್ರು ನೋಡ್ಕೊಳ್ಳಲಿ. ಖಾಲಿ ಕೇಸನ್ನ ಮಾತ್ರ ಹಾರಿದ ದಿನವೇ ವಿನೆಗರ್ ನೀರಲ್ಲಿ ತೊಳೆದುಬಿಡಿ, ಮಸಿ ಒಣಗಿದ್ರೆ ಕಲ್ಲಾಗ್ತದೆ, ಅಲ್ಯೂಮಿನಿಯಂನೂ ತಿಂತದೆ.

ಎಂತಕ್ಕೆ ಸೀಳ್ತು?

ಮುಂದಿನ ಟ್ಯೂಬಿನ ಬಾಯಿಂದ ಕೆಳಗೆ 17 ಸೆಂಟಿಮೀಟರ್ ಉದ್ದಕ್ಕೆ ಸೀಳಿತ್ತು, ಒಂದೇ ಗೆರೆ. ಇದಕ್ಕೇ ಜಿಪ್ಪರ್ ಅಂತಾರಂತೆ. ನೆಲಕ್ಕೆ ಬಿದ್ದು ಆದದ್ದಲ್ಲ, ಮೇಲೇ ಆದದ್ದು. ಹುಡ್ಗ ಆಲ್ಟಿಮೀಟರ್ ರೆಕಾರ್ಡು ತೋರಿಸ್ದ: ತುತ್ತತುದಿ ಮುಟ್ಟಿದ 4 ಸೆಕೆಂಡ್ ಆದ್ಮೇಲೆ ಪ್ಯಾರಾಚೂಟು ಹೊರಗೆ ಬಂದಿದೆ. 4 ಸೆಕೆಂಡು ಎಂತ ಮಹಾ ಅನ್ಬೇಡಿ, ಅಷ್ಟೊತ್ತಿಗೆ ರಾಕೆಟ್ಟು ಗಂಟೆಗೆ 140 ಕಿಲೋಮೀಟರ್ ಹತ್ರ ಹತ್ರ ಸ್ಪೀಡಲ್ಲಿ ಕೆಳಗೆ ಬರ್ತಿರ್ತದೆ, ಆಗ ಪ್ಯಾರಾಚೂಟ್ ಅರಳಿ ಹಗ್ಗ ಜಗ್ಗಿದ್ರೆ ಆ ಸಪೂರ ಕೆವ್ಲಾರ್ ಹಗ್ಗ ಟ್ಯೂಬನ್ನ ಸೀಳ್ಕೊಂಡು ಹೋಗ್ತದೆ, ಮನೇಲಿ ಬಾರ್ ಸೋಪನ್ನ ದಾರ ಹಾಕಿ ಕತ್ತರಿಸ್ತಾರಲ್ಲ, ಡಿಟ್ಟೋ.

ಅಂದ್ರೆ ತಪ್ಪು ಟ್ಯೂಬಿಂದಲ್ಲ, ಡಿಲೇ ಲೆಕ್ಕದ್ದು, ಪ್ಯಾರಾಚೂಟ್ ಹೊರದಬ್ಬೋ ಮದ್ದು ಎಷ್ಟು ಸೆಕೆಂಡಿಗೆ ಸಿಡೀಬೇಕು ಅನ್ನೋ ಲೆಕ್ಕ. ಇದು ಗೊತ್ತಾಗದೆ ಟ್ಯೂಬಿಗೆ ಮೂರು ಪದರ ಬಟ್ಟೆ ಸುತ್ತಿದ್ರೆ ಮುಂದಿನ ಸಲ ಹಗ್ಗ ಹರೀತದೆ, ಅಷ್ಟೇ ವ್ಯತ್ಯಾಸ.

ನಾನು ಮಾಡಿದ ದೋಣಿ ಬುದ್ಧಿ

ಸತ್ಯ ಹೇಳ್ತೆ, ಮೊದ್ಲ ಪ್ರಯತ್ನ ಹಾಳಾಯ್ತು. ಅಂಗಡಿಲಿ ಇದ್ದದ್ದೇ ದೋಣಿ ರೆಸಿನ್, ಅದೇ ಪಾಲಿಯೆಸ್ಟರು, ಜೊತೆಗೆ ಚಾಪೆ ಹಾಂಗಿರೋ ಮ್ಯಾಟು. ಸೀಳಿನ ಮೇಲೆ ಎರಡು ಪದರ ಬಡಿದು ಕೂತೆ. ಮರುದಿನ ಉಗುರು ಹಾಕಿ ಎಳೆದ್ರೆ ಹಪ್ಪಳದ ಹಾಂಗೆ ಎದ್ದು ಬಂತು. ರಾಕೆಟ್ ಟ್ಯೂಬು ಎಪಾಕ್ಸಿದು, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯೂದಿಲ್ಲ, ಉಲ್ಟಾ ಆದ್ರೆ ಹಿಡೀತದೆ. ಹಾಂಗಾದ್ರೆ ಎಪಾಕ್ಸಿ ತಂದು ಅದೇ ಮ್ಯಾಟಿಗೆ ಹಚ್ಚಿದ್ರೆ? ಅದೂ ಆಗೂದಿಲ್ಲ, ಮ್ಯಾಟಿನ ಎಳೆ ಹಿಡಿದಿಡೋ ಅಂಟು ಪಾಲಿಯೆಸ್ಟರಲ್ಲಿರೋ ಸ್ಟೈರೀನಿಗೆ ಮಾತ್ರ ಕರಗೋದು. ನೇಯ್ದ ಗ್ಲಾಸ್ ಬಟ್ಟೆ ಬೇಕು, ಎಪಾಕ್ಸಿ ಬೇಕು. ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್ ಸೆಟ್ ತರಿಸಿದೆ, ತೂಕದಲ್ಲಿ 10ಕ್ಕೆ 1. ತೂಕದಲ್ಲಿ ಅಂದೆ, ಚಮಚದಲ್ಲಿ ಅಲ್ಲ, ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು, ಆಮೇಲೆ ಅದನ್ನ ಅಡುಗೆಮನೆಗೆ ವಾಪಸ್ ಕೊಡಬೇಡಿ. ಐದು ನಿಮಿಷದ ಅಂಟು ಬಿಸಿಗೆ ಮೆತ್ತಗಾಗ್ತದೆ, ಮೋಟಾರ್ ಹತ್ರ ಅಂತೂ ಬೇಡವೇ ಬೇಡ.

ಕತ್ತರಿಸಿ

ದೋಣಿಯವ್ರಿಗೆ ಇದು ಕಷ್ಟ. ದೋಣಿಗೆ ತೂತಾದ್ರೆ ನಾವು ಮೇಲಿಂದ ಹಾಕ್ತೇವೆ, ಒಳಗಿಂದ ಹಾಕ್ತೇವೆ, ತೂಕ ಯಾರು ಕೇಳ್ತಾರೆ? ರಾಕೆಟ್ಟಲ್ಲಿ ಹಾಳಾದ ಭಾಗ ಕತ್ತರಿಸಿ ಎಸೀಲೇಬೇಕು. ಸೀಳು ಎಲ್ಲಿ ನಿಂತಿದೆ ಅಂತ ಕಣ್ಣಿಗೆ ಕಾಣ್ತದೋ ಅಲ್ಲಿಗೆ ನಿಲ್ಲಬೇಡಿ, ರೂಪಾಯಿ ನಾಣ್ಯದಲ್ಲಿ ಸುತ್ತ ತಟ್ಟುತ್ತಾ ಬನ್ನಿ, ಟಣ್ ಅಂದ್ರೆ ಒಳ್ಳೇದು, ಡಬ್ ಅಂದ್ರೆ ಒಳಗೆ ಪದರ ಬಿಟ್ಟಿದೆ. ನಮ್ದರಲ್ಲಿ ಸೀಳಿನಿಂದ ಇನ್ನೂ ಎರಡು ಸೆಂಟಿಮೀಟರ್ ಕೆಳಗೆ ತನಕ ಡಬ್ ಅಂತಿತ್ತು. ಒಟ್ಟು 19 ಸೆಂಟಿಮೀಟರ್ ಹೋಯ್ತು, ಹುಡ್ಗನ ಮುಖ ನೋಡ್ಬೇಕಿತ್ತು.

ನೇರ ಗೆರೆ ಹಾಕೋಕೆ ಟ್ಯೂಬಿಗೆ ಒಂದು ಕಾಗದ ಸುತ್ತಿ, ಅಂಚಿಗೆ ಅಂಚು ಕೂರಿಸಿ ಪೆನ್ಸಿಲ್ ಎಳೆದ್ರಾಯ್ತು. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡು, ನೀರು ಚಿಮುಕಿಸ್ತಾ, ಟ್ಯೂಬ್ ತಿರುಗಿಸ್ತಾ ಕೊಯ್ಯಿ, ಒಂದೇ ಕಡೆಯಿಂದ ಆರ್‌ಪಾರ್ ಹೊಡೀಬೇಡಿ. ಮಾಸ್ಕ್ ಹಾಕಿ, ತುಂಬು ತೋಳಿನ ಅಂಗಿ ಹಾಕಿ, ಗ್ಲಾಸ್ ಧೂಳಿನ ತುರಿಕೆ ಎರಡು ದಿನ ನಿದ್ದೆ ಕೊಡೂದಿಲ್ಲ. ಅಂಚು ಸಪಾಟಾಗಬೇಕಾದ್ರೆ ಟೈಲ್ಸ್ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ ಅದರ ಮೇಲೆ ಟ್ಯೂಬ್ ನಿಲ್ಲಿಸಿ ತಿಕ್ಕಿ.

ಈಗ ಅದೇ ಅಳತೆಯ ಹೊಸ ಟ್ಯೂಬಿನ ತುಂಡು, ಎರಡನ್ನೂ ಸೇರಿಸೋಕೆ ಒಳಗೆ ಕೂರೋ ಕಪ್ಲರು. ಅಡಿಕೆ ಕೊಯ್ಯೋ ಫೈಬರ್ ದೋಟಿ ಮುರಿದ್ರೆ ಒಳಗಿಂದ ಪೈಪ್ ಕೊಟ್ಟು ಜೋಡಿಸೋದು ನೋಡಿದ್ರೆ ಇದೂ ಅದೇ ಐಡಿಯಾ. ಕಪ್ಲರು ಎರಡೂ ಕಡೆ ಟ್ಯೂಬಿನ ವ್ಯಾಸದಷ್ಟಾದ್ರೂ ಒಳಗೆ ಹೋಗಬೇಕು, 4 ಇಂಚಿಗೆ ಕಡೆಗೆ 10 ಸೆಂಟಿಮೀಟರು, ಒಟ್ಟು 20. ಅಂಟೋ ಜಾಗ ಎಲ್ಲಾ 80 ನಂಬರ್ ಸ್ಯಾಂಡ್‌ಪೇಪರಲ್ಲಿ ಹೊಳಪು ಹೋಗೋ ತನಕ ಉಜ್ಜಿ. ಎಪಾಕ್ಸಿಯನ್ನ ಟ್ಯೂಬಿನ ಒಳಗೋಡೆಗೆ ಹಚ್ಚಿ, ಕಪ್ಲರಿಗೆ ಹಚ್ಚಿದ್ರೆ ಒಳಗೆ ನೂಕುವಾಗ ಎಲ್ಲಾ ಹೊರಗೇ ಕೆರೆದು ಉಳೀತದೆ. ಮೊದ್ಲ ದಿನ ಒಂದು ಕಡೆ ಮಾತ್ರ, ಮರುದಿನ ಇನ್ನೊಂದು ಕಡೆ, ಅವಸರ ಬೇಡ. ಕಪ್ಲರ್ ಬಂದಲ್ಲಿ ಒಳಗಿನ ಜಾಗ ಕಿರಿದಾಗ್ತದೆ, ಅಂಟಿಸೋ ಮೊದ್ಲೇ ಮಡಚಿದ ಪ್ಯಾರಾಚೂಟು ಸಲೀಸಾಗಿ ಜಾರ್ತದಾ ಅಂತ ನೋಡ್ಕೊಳ್ಳಿ.

ಕಡೆಗೆ ಟ್ಯೂಬಿನ ಬಾಯಿಯ ಒಳಂಚನ್ನ ಉಜ್ಜಿ ದುಂಡಗೆ ಮಾಡಿ, ಹಗ್ಗ ಅಂಚಿಗೆ ತಾಗೋ ಜಾಗದಲ್ಲಿ ಹಗ್ಗಕ್ಕೇ ಒಂದು ಫೋಮ್ ಚೆಂಡು ಪೋಣಿಸಿ. ಹಗ್ಗ ರಾಕೆಟ್ ಉದ್ದದ ಮೂರರಿಂದ ಐದು ಪಟ್ಟು ಇರಲಿ, ಇವ್ರದ್ದು ಎರಡು ಪಟ್ಟೂ ಇರ್ಲಿಲ್ಲ.

ಫಿನ್ನು

ಫಿನ್ ಅಂದ್ರೆ ರಾಕೆಟ್ ಬಾಲದ ರೆಕ್ಕೆ, ಮೂರರಲ್ಲಿ ಒಂದರ ಬುಡದಲ್ಲಿ ಕೂದಲೆಳೆ ಬಿರುಕು. ಬಿರುಕಿನ ಮೇಲೆ ಅಂಟು ಸವರಿ ಮುಗಿಸೋರೇ ಜಾಸ್ತಿ. ಹಳೆ ಫಿಲೆಟ್, ಅಂದ್ರೆ ಫಿನ್ನು ಟ್ಯೂಬು ಸೇರೋ ಮೂಲೆಗೆ ತುಂಬಿದ ಅಂಟು, ಪೂರ್ತಿ ಕೆತ್ತಿ ತೆಗೀರಿ, ಆಮೇಲೆ ಬುಡದ ಹತ್ರ ಟ್ಯೂಬಿಗೆ 4 ಮಿಲಿಮೀಟರಿನ ಒಂದೆರಡು ತೂತು ಕೊರೆದು ಸಿರಿಂಜಲ್ಲಿ ಎಪಾಕ್ಸಿ ಒಳಗೆ ಬಿಡಿ, ರಾಕೆಟ್ಟನ್ನ ಮಲಗಿಸಿ ಆ ಫಿನ್ ಬುಡಕ್ಕೆ ಅಂಟು ಹರಿದು ನಿಲ್ಲೋ ಹಾಂಗೆ ಇಟ್ಟು 24 ಗಂಟೆ ಮುಟ್ಟಬೇಡಿ. ಹೊರಗಿನ ಫಿಲೆಟ್ಟಿಗೆ ಎಪಾಕ್ಸಿಗೆ ಏರೋಸಿಲ್ ಪುಡಿ ಕಲಸಿ, ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಮಚ ಮಗುಚಿದ್ರೂ ಬೀಳಬಾರ್ದು, ಪಿವಿಸಿ ಪೈಪಿನ ತುಂಡಲ್ಲಿ ಎಳೆದ್ರೆ ಚಂದ ಗುಂಡಿ ಬರ್ತದೆ. ಆ ಹಗುರ ಬಿಳಿ ಬಲೂನ್ ಪುಡಿ ಮಾತ್ರ ಇಲ್ಲಿ ಬೇಡ, ಅದು ಉಜ್ಜೋಕೆ ಸುಲಭ, ತಾಕತ್ತಿಲ್ಲ.

ಮಳೆಗಾಲದ ತಲೆಬಿಸಿ ಬೇರೆ. ಥಂಡಿ ಗಾಳಿಲಿ ಎಪಾಕ್ಸಿ ಗಟ್ಟಿಯಾದ್ರೂ ಮೇಲೆ ಜಿಡ್ಡು ಜಿಡ್ಡು ಪೊರೆ ಬರ್ತದೆ, ಅದರ ಮೇಲೆ ಇನ್ನೊಂದು ಪದರ ಹಾಕಿದ್ರೆ ಕಚ್ಚೂದಿಲ್ಲ. ಉಗುರುಬಿಸಿ ನೀರಲ್ಲಿ ಸ್ಕ್ರಬ್ಬರ್ ಹಾಕಿ ತೊಳೆದು, ಒಣಗಿಸಿ, ಆಮೇಲೆ ಸ್ಯಾಂಡ್‌ಪೇಪರು. ಮೊದ್ಲೇ ಸ್ಯಾಂಡ್‌ಪೇಪರ್ ಹಾಕಿದ್ರೆ ಜಿಡ್ಡನ್ನ ಇನ್ನೂ ಒಳಗೆ ತಿಕ್ಕಿದ ಹಾಗೆ. ನಾನು ದೊಡ್ಡ ರಟ್ಟಿನ ಡಬ್ಬದಲ್ಲಿ 60 ವ್ಯಾಟಿನ ಹಳೆ ಬಲ್ಬ್ ಉರಿಸಿ ಒಳಗಿಟ್ಟೆ, ಕೈ ಇಟ್ರೆ ಹಿತವಾಗಿರೋವಷ್ಟೇ ಬಿಸಿ. ಅಕ್ಕ ಒಲೆ ಮೇಲಿನ ಅಟ್ಟ ಬಿಟ್ಟುಕೊಡ್ಲಿಲ್ಲ, ಅಲ್ಲಿ ಹಪ್ಪಳ ಇತ್ತು.

ತೂಕದ ಲೆಕ್ಕ

ಇದನ್ನ ಬಿಟ್ಟು ಹಾರಿಸಿದ್ರೆ ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ. ಗುರುತ್ವ ಕೇಂದ್ರ (ಬ್ಯಾಲೆನ್ಸ್ ಆಗೋ ಜಾಗ) ಯಾವಾಗ್ಲೂ ಗಾಳಿ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ತಳ್ಳು ಒಟ್ಟಾಗಿ ಬೀಳೋ ಜಾಗ) ಒಂದು ವ್ಯಾಸದಷ್ಟಾದ್ರೂ ಮುಂದೆ ಇರಬೇಕು, ಇಲ್ಲಾಂದ್ರೆ ರಾಕೆಟ್ಟು ಮೇಲೆ ಹೋಗೋ ಬದಲು ಎಲ್ಲೆಲ್ಲೋ ನುಗ್ತದೆ. ನಮ್ದು ಮೂತಿಯಿಂದ 1.2 ಮೀಟರಲ್ಲಿ ಬ್ಯಾಲೆನ್ಸ್ ಆಗ್ತಿತ್ತು. ಫಿನ್ ಹತ್ರ ಅಂದ್ರೆ 1.8 ಮೀಟರಲ್ಲಿ 120 ಗ್ರಾಂ ಅಂಟು ಸೇರಿದ್ರೆ ಕೇಂದ್ರ ಒಂದೂವರೆ ಸೆಂಟಿಮೀಟರ್ ಹಿಂದೆ ಹೋಗ್ತದೆ, ಅದನ್ನ ವಾಪಸ್ ತರೋಕೆ ಮೂತಿ ತುದಿಯಿಂದ 20 ಸೆಂಟಿಮೀಟರಲ್ಲಿ 72 ಗ್ರಾಂ ತೂಕ ಬೇಕು. ಇಲ್ಲಿ ನಾನು ಬಲೆಗೆ ಕಟ್ಟೋ ಸೀಸದ ಗುಂಡು ಹಾಕಿ ಅಂಟಿಸಿದೆ. ಎಲ್ಲಾ ಮುಗಿದ ಮೇಲೆ ಮೋಟಾರಿನ ತೂಕಕ್ಕೆ ಸಮ ಮರಳು ಚೀಲ ಅದರ ಜಾಗದಲ್ಲೇ ಇಟ್ಟು ಹಗ್ಗದಲ್ಲಿ ತೂಗಿ ನೋಡಿ, ಬಂದ ಅಳತೆಯನ್ನ ಓಪನ್‌ರಾಕೆಟ್ ಅನ್ನೋ ಫ್ರೀ ಸಾಫ್ಟ್‌ವೇರಿಗೆ ಹಾಕಿಸಿ.

ಇನ್ನೊಂದು, ಆಲ್ಟಿಮೀಟರ್ ಇರೋ ಜಾಗದಲ್ಲಿ ಗಾಳಿ ಆಡೋಕೆ ಸಣ್ಣ ತೂತುಗಳಿರ್ತವೆ. ಪುಟ್ಟಿ ಹಚ್ಚುವಾಗ ನಾನು ಅದನ್ನೂ ಚಂದ ಮಾಡಿ ಮುಚ್ಚಿಬಿಟ್ಟಿದ್ದೆ, ಹುಡ್ಗ ನೋಡಿದ್ದಕ್ಕೆ ಬಚಾವ್. ಅದು ಮುಚ್ಚಿದ್ರೆ ಎತ್ತರ ಎಷ್ಟು ಅಂತ ಪಾಪ ಅದಕ್ಕೆ ಗೊತ್ತಾಗೋದು ಹ್ಯಾಗೆ. ಬೆಂಕಿಪೆಟ್ಟಿಗೆ ಕಡ್ಡಿ ಸಿಕ್ಕಿಸಿ ಇಟ್ಟು ಆಮೇಲೆ ಪುಟ್ಟಿ ಹಚ್ಚಿ. ಪೇಂಟ್ ಆಗಸ್ಟಿಗೆ, ಬಿಸಿಲು ನೋಡ್ಕೊಂಡು, ತೆಳ್ಳಗೆ ಎರಡೇ ಕೋಟು, ಹೊಡೆದ ಮೇಲೆ ಮತ್ತೊಂದ್ಸಲ ತೂಗಿ, ಯಾಕಂದ್ರೆ ಪೇಂಟಿಗೂ ತೂಕ ಉಂಟು.