ಬಾಗಿನದ ಜೊತೆ ಬಂದ ಪತ್ರ

2021ರ ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತಂದ. ಮೊರದಲ್ಲಿ ರವಿಕೆ ಕಣ, ಬಳೆ, ಬಿಚ್ಚೋಲೆ. ಕೈಚೀಲದಲ್ಲಿ ಹಕ್ಕು ಬಿಡುಗಡೆ ಪತ್ರದ ಕರಡು. "ಅಕ್ಕ, ಸೋಮವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಸಹಿ, ಅಷ್ಟೇ" ಎಂದ. ಒಬ್ಬಟ್ಟು ಬಡಿಸುತ್ತಿದ್ದ ಕೈಯಲ್ಲೇ ಇಲ್ಲ ಎನ್ನಲು ಆಗಲಿಲ್ಲ. ಓದಿ ಹೇಳುತ್ತೇನೆ ಎಂದು ಪತ್ರ ಇಟ್ಟುಕೊಂಡೆ. ನಾನು ಮಾಡಿದ ಮೊದಲ ಕೆಲಸ ಇದು, ಸೋಮವಾರ ಹೋಗದೆ ಇದ್ದದ್ದು ಎರಡನೆಯದು.

ನಾನು ಬಿಟ್ಟುಕೊಡಬೇಕಿದ್ದದ್ದು ತಾತನ ಕಾಲದ ತೆಂಗಿನ ತೋಟದಲ್ಲಿ ನನ್ನ ಪಾಲು. ನನ್ನ ಮದುವೆ 1991ರಲ್ಲಿ ಆಯಿತು, ತಂಗಿಯದು 1997ರಲ್ಲಿ. ಜಂಟಿ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಯಾದದ್ದು 1994ರಲ್ಲಿ. ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಹಾಗಾಗಿ ತಂಗಿ ಒಳಗೆ, ನಾನು ಹೊರಗೆ. ಮನೆಯಲ್ಲಿ ಎಲ್ಲರೂ ಆ ಹಳೆಯ ಕಾನೂನನ್ನೇ ಹಿಡಿದುಕೊಂಡಿದ್ದರು. ಕೇಂದ್ರದ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಿಂದ ಮದುವೆಯ ಆ ತಡೆ ಇಲ್ಲ. ಅಪ್ಪ 2003ರಲ್ಲೇ ತೀರಿಕೊಂಡಿದ್ದರಲ್ಲ ಎಂದರೆ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. (ತಮ್ಮ ಪತ್ರ ತಂದ ಆ ಗೌರಿ ಹಬ್ಬವೂ ಸೆಪ್ಟೆಂಬರ್ 9ಕ್ಕೇ ಬಿದ್ದಿತ್ತು.)

ಮಾತಿಗೆ ಮೊದಲು ಕಾಗದ ಕೂಡಿಸಿದೆ. ಪಹಣಿ ತೆಗೆಸಿದರೆ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ತಮ್ಮನ ಹೆಸರೊಂದೇ ಇತ್ತು. ಅಪ್ಪ ತೀರಿದ ಮೇಲೆ ಖಾತೆ ಬದಲಿಸಲು, ಅಂದರೆ ಪೌತಿ ಖಾತೆಗೆ, ಕೊಟ್ಟಿದ್ದ ವಂಶವೃಕ್ಷದಲ್ಲಿ ಅಮ್ಮ ಇದ್ದರು, ತಮ್ಮ ಇದ್ದ. ನಾವಿಬ್ಬರು ಹುಟ್ಟೇ ಇರಲಿಲ್ಲ. ಖಾತೆ ಎಂದರೆ ಕಂದಾಯದ ಲೆಕ್ಕ, ಅದರಿಂದ ಹಕ್ಕು ಹೋಗುವುದಿಲ್ಲ ಎಂದು ವಕೀಲರು ಹೇಳಿದ ಮೇಲೆ ನಿದ್ದೆ ಬಂತು. ನಾಡಕಚೇರಿಯಲ್ಲಿ ಎಲ್ಲರ ಹೆಸರಿರುವ ವಂಶವೃಕ್ಷಕ್ಕೆ ಅರ್ಜಿ ಹಾಕಿದೆ.

ನನ್ನ ಪರವಾಗಿ ಮಾತಾಡಲು ಹೊರಟ ಗಂಡನನ್ನು ತಡೆದೆ. ಅಳಿಯ ಬಾಯಿ ಬಿಟ್ಟರೆ ಅದು ಅಳಿಯನ ಆಸೆಯಾಗುತ್ತದೆ. ಇನ್ನೊಂದು ಕಾರಣವೂ ಇತ್ತು. ಹದಿನೈದು ವರ್ಷದ ಹಿಂದೆ ನನ್ನ ನಾದಿನಿ ನಮ್ಮ ಮನೆಗೆ ಇಂಥದೇ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದಳು. ಆ ದಿನ ಹೋಳಿಗೆ ಮಾಡಿ, ಸೀರೆ ಉಡಿಸಿ ಕಳಿಸಿದವಳು ನಾನೇ. ಅವಳು ಬಸ್ ಹತ್ತುವಾಗ ಏನೋ ಹೇಳಲು ಬಂದು ಸುಮ್ಮನಾಗಿದ್ದಳು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ತಮ್ಮನಿಗಿಂತ ಅಮ್ಮನನ್ನು ಎದುರಿಸುವುದು ಕಷ್ಟವಾಯಿತು. "ಪಾಲು ತೆಗೆದುಕೊಂಡ ಮೇಲೆ ತವರು ಅಂತ ಯಾವ ಬಾಗಿಲಿಗೆ ಬರುತ್ತೀಯೆ?" ಎಂದರು. ಉತ್ತರ ಹೊಳೆಯಲಿಲ್ಲ. ಮೂರು ತಿಂಗಳು ಪ್ರತಿ ಭಾನುವಾರ ಫೋನ್ ಮಾಡಿ ಅವರ ಮಂಡಿನೋವು ವಿಚಾರಿಸಿದೆ, ತೋಟದ ಸುದ್ದಿ ಎತ್ತಲಿಲ್ಲ. ನಾಲ್ಕನೆಯ ತಿಂಗಳು ಅವರೇ ಎತ್ತಿದರು: "ನನ್ನ ಹೆಸರೂ ಎಲ್ಲಾದರೂ ಬರುತ್ತದೇನೆ?"

ಆಮೇಲೆ ಕೋರ್ಟಿಗೆ ಹೋಗಬೇಕಾಗಲಿಲ್ಲ. ಅಳತೆಯಾಗಿ, ಯಾರ ಭಾಗ ಎಲ್ಲಿ ಎಂದು ತೋರಿಸುವ 11ಇ ನಕ್ಷೆ ಬಂದ ಮೇಲೆ ವಿಭಾಗ ಪತ್ರ ನೋಂದಣಿಯಾಯಿತು. ಬೋರ್‌ವೆಲ್ ಇರುವ ಕಡೆಯನ್ನು ತಮ್ಮನಿಗೇ ಬಿಟ್ಟೆ. ತಂಗಿ ಈಗಲೂ ಅದಕ್ಕೆ ಬೈಯುತ್ತಾಳೆ.

ಮರುವರ್ಷ ಬಾಗಿನ ಬರಲಿಲ್ಲ. ಅದರ ಮುಂದಿನ ವರ್ಷ ತಮ್ಮನೇ ತಂದ. ಮೊರದಡಿ ಒಂದು ಚೀಟಿಯಿತ್ತು: ನನ್ನ ಪಾಲಿನ ಕಾಯಿ ಎಷ್ಟು, ಕೀಳಿಸಿದ ಕೂಲಿ ಎಷ್ಟು. ಕೂಲಿ ಸ್ವಲ್ಪ ಹೆಚ್ಚೇ ಬರೆದಿದ್ದಾನೆ, ಕೇಳಬೇಕು.