ಎಮ್ಮೆ ಕೆಸರಲ್ಲಿ ಮಲಗಿದರೆ ಎಬ್ಬಿಸಬೇಡಿ
ಎಮ್ಮೆ ಸಾಕಿದವರೇ, ಈ ಬಿಸಿಲಲ್ಲಿ ಅದು ಕೆಸರಲ್ಲಿ ಮಲಗಿದರೆ ಕೋಲು ಹಿಡಿದು ಎಬ್ಬಿಸಬೇಡಿ. ಅದು ಸೋಮಾರಿತನ ಅಲ್ಲ. ಎಮ್ಮೆಯ ಚರ್ಮ ಕಪ್ಪು, ಕೂದಲು ವಿರಳ, ಬೆವರಿನ ಗ್ರಂಥಿಗಳಂತೂ ಹಸುವಿಗಿಂತ ತೀರಾ ಕಡಿಮೆ. ಸಾಕಷ್ಟು ಬೆವರಲು ಆಗದ್ದರಿಂದ ನೀರು, ಕೆಸರನ್ನೇ ನಂಬಿಕೊಂಡಿರುತ್ತದೆ. ಮೈಗೆ ಮೆತ್ತಿದ ಕೆಸರು ನಿಧಾನಕ್ಕೆ ಒಣಗುತ್ತಾ ಬಹಳ ಹೊತ್ತು ತಂಪು ಕೊಡುತ್ತದೆ.

ಹತ್ತಿರದಲ್ಲಿ ಕೆರೆ ಇಲ್ಲದಿದ್ದರೆ ಮಧ್ಯಾಹ್ನ ಎರಡು ಮೂರು ಸಲ ಮೈಮೇಲೆ ನೀರು ಹುಯ್ಯಿರಿ. ಆದರೆ ಗಾಳಿಯಾಡದ ತಗಡಿನ ಕೊಟ್ಟಿಗೆಯಲ್ಲಿ ಬರೀ ನೀರು ಸುರಿದರೆ ಸೆಕೆಯೇ ಹೆಚ್ಚುತ್ತದೆ. ನೀರು ಆರಿದರೇನೇ ಮೈಯ ಶಾಖ ಇಳಿಯುವುದು. ಹುಣಸೆಯೋ ಹೊಂಗೆಯೋ, ಮರದ ನೆರಳಲ್ಲಿ ಕಟ್ಟಿ. ಬಾಯಿ ತೆರೆದು ಏದುಸಿರು ಬಿಡುತ್ತಾ ಜೊಲ್ಲು ಸುರಿಸಿದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.