ಡಿಸೆಂಬರ್ 5 ಕೇಳಿದರೆ ಮೇ 12ರ ಲೆಕ್ಕ ಬಂತು

ಉಡುಪಿಯಲ್ಲಿ ಯಕ್ಷಗಾನದ ವೇಷಭೂಷಣ ಬಾಡಿಗೆಗೆ ಕೊಡುವ ಪರಿಚಯದವರೊಬ್ಬರಿಗೆ ಬುಕಿಂಗ್ ಪುಟ ಮಾಡಿಕೊಟ್ಟಿದ್ದೆ. ಸರ್ವರ್ ಕಡೆಗೆ ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಎಂವಿಸಿ 5, ಬ್ರೌಸರ್ ಕಡೆಗೆ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ. ತಾರೀಕು, ವೇಷ, ಸೆಟ್ ಎಷ್ಟು ಬೇಕು ಎಂದು ಹಾಕಿ ಬಟನ್ ಒತ್ತಿದರೆ ಆ ದಿನಕ್ಕೆ ಸಿಗುವ ಸೆಟ್‌ಗಳ ಪಟ್ಟಿ ಬರಬೇಕು. ಮೊದಲು ಇಡೀ ಪುಟವೇ ಹೊಸದಾಗಿ ಲೋಡ್ ಆಗುತ್ತಿತ್ತು, ಸರಿಯಾಗಿಯೇ ನಡೆಯುತ್ತಿತ್ತು. ಪಟ್ಟಿಯ ಭಾಗವಷ್ಟೇ ಬದಲಾದರೆ ಚೆನ್ನ ಅಂತ ಜೆಕ್ವೆರಿಯ ಲೋಡ್ ಹಾಕಿದೆ; ಅದು ಸರ್ವರ್‌ನಿಂದ ಬಂದದ್ದನ್ನು ಪುಟದ ಒಂದು ಭಾಗದಲ್ಲಿ ಮಾತ್ರ ತುಂಬುತ್ತದೆ. ಫಾರ್ಮ್‌ನ ಮಾಹಿತಿಯನ್ನು ಸೀರಿಯಲೈಜ್ ಮಾಡಿ, ಅಂದರೆ ಒಟ್ಟುಗೂಡಿಸಿ, ಅದರ ಜೊತೆ ಕಳಿಸಿದೆ. ಪಟ್ಟಿ ಬಂತು. ಮುಗಿಯಿತು ಅಂದುಕೊಂಡೆ.

ಶಾಲೆಗಳ ವಾರ್ಷಿಕೋತ್ಸವದ ಸಮಯ ಹತ್ತಿರ ಬಂದಾಗ ಅವರ ಫೋನ್ ಬಂತು. "ಮಾರಾಯ್ರೆ, ಡಿಸೆಂಬರ್ 5ಕ್ಕೆ ಎಲ್ಲಾ ಕಿರೀಟ ಉಂಟು ಅಂತ ತೋರಿಸ್ತದೆ. ನಾನದನ್ನು ಬ್ರಹ್ಮಾವರದವರಿಗೆ ಹೇಳಿ ಆಗಿದೆಯಲ್ಲ!" ಒಂದೇ ಸೆಟ್ ಇಬ್ಬರಿಗೆ ಹೋಗುವುದರಲ್ಲಿತ್ತು. ವೇಷ ಕಟ್ಟಲು ಕೂತ ಮಕ್ಕಳಿಗೆ ಕಿರೀಟವೇ ಇಲ್ಲ ಅಂದರೆ ಹೇಗೆ? ಆ ರಾತ್ರಿ ನನಗೆ ಬೇರೆ ಕೆಲಸ ಮಾಡಲು ಮನಸ್ಸೇ ಬರಲಿಲ್ಲ.

ಸರ್ವರ್‌ನಲ್ಲಿ ಕೋರಿಕೆಗೆ ಉತ್ತರ ಕೊಡುವ ಕೋಡ್, ಅಂದರೆ ಕಂಟ್ರೋಲರ್, ಅದನ್ನು ನಡುವೆ ನಿಲ್ಲಿಸಿ ನೋಡಿದೆ. ಫಾರ್ಮ್‌ನಲ್ಲಿ 05/12. ಕಂಟ್ರೋಲರ್ ಕೈಗೆ ಬಂದದ್ದು ಮೇ 12! ಮೇ ತಿಂಗಳಲ್ಲಿ ಯಾರೂ ಬುಕ್ ಮಾಡಿರಲಿಲ್ಲ, ಹಾಗಾಗಿ ಎಲ್ಲಾ ಸೆಟ್ ಸಿಗುತ್ತದೆ ಎಂಬ ಉತ್ತರ.

ಕಾರಣ ಇದು. ಸೀರಿಯಲೈಜ್ ಕೊಡುವುದು ಒಂದು ಉದ್ದದ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಲೋಡ್‌ಗೆ ಸ್ಟ್ರಿಂಗ್ ಕೊಟ್ಟರೆ ಅದು ಗೆಟ್ ಆಗಿ, ಅಂದರೆ ಯುಆರ್‌ಎಲ್‌ಗೆ (ಪುಟದ ವೆಬ್ ವಿಳಾಸಕ್ಕೆ) ಅಂಟಿಕೊಂಡು ಹೋಗುತ್ತದೆ; ಆಬ್ಜೆಕ್ಟ್ ಕೊಟ್ಟರೆ ಮಾತ್ರ ಪೋಸ್ಟ್, ಅಂದರೆ ಯುಆರ್‌ಎಲ್‌ನಲ್ಲಿ ಸೇರದೆ ಬೇರೆಯಾಗಿ ಹೋಗುತ್ತದೆ. ಇನ್ನು ಎಂವಿಸಿ 5, ಪೋಸ್ಟ್‌ನಲ್ಲಿ ಬಂದ ಫಾರ್ಮ್ ಮಾಹಿತಿಯನ್ನು ನಾವು ವೆಬ್ ಕಾನ್ಫಿಗ್ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಹೇಳಿದ ಕಲ್ಚರ್ (ಯಾವ ದೇಶದ ರೀತಿಯಲ್ಲಿ ತಾರೀಕು ಬರೆಯುವುದು ಎಂಬುದು) ಪ್ರಕಾರ ಓದುತ್ತದೆ. ನಾನು ಅಲ್ಲಿ ಭಾರತದ್ದೇ ಹಾಕಿದ್ದೆ. ಆದರೆ ಯುಆರ್‌ಎಲ್‌ನಲ್ಲಿ ಬಂದದ್ದನ್ನು ಅದು ಯಾವ ದೇಶಕ್ಕೂ ಸೇರದ ಇನ್ವೇರಿಯಂಟ್ ಕಲ್ಚರ್‌ನಲ್ಲಿ ಓದುತ್ತದೆ, ಅಂದರೆ ತಿಂಗಳು ಮೊದಲು, ದಿನ ಆಮೇಲೆ. ಯುಆರ್‌ಎಲ್ ಅನ್ನು ಯಾವ ದೇಶದವರು ತೆರೆದರೂ ಒಂದೇ ಅರ್ಥ ಬರಲಿ ಅಂತ ಈ ಏರ್ಪಾಡು. ಅದು ಸರಿಯೇ, ಆದರೆ ಗೊತ್ತಿರಬೇಕಲ್ವಾ?

12ರ ನಂತರದ ತಾರೀಕು ಇನ್ನೂ ಕಷ್ಟ. 13ನೇ ತಿಂಗಳು ಇಲ್ಲವಲ್ಲ, ಹಾಗಾಗಿ ತಾರೀಕು 1ನೇ ಇಸವಿಯ ಜನವರಿ 1 ಆಗಿ ಉಳಿಯುತ್ತದೆ. ಓದಲಾಗದ್ದನ್ನು ಎಂವಿಸಿ ಬರೆದಿಡುವ ಮಾಡೆಲ್‌ಸ್ಟೇಟ್‌ನಲ್ಲಿ ತಪ್ಪು ದಾಖಲಾಗಿರುತ್ತದೆ. ನಾನು ಅದನ್ನು ನೋಡುವ ಒಂದು ಸಾಲು ಬರೆದಿದ್ದರೆ ಇದೆಲ್ಲ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು.

ಪರಿಹಾರ ಚಿಕ್ಕದು. ಸೀರಿಯಲೈಜ್ ಬದಲು ಸೀರಿಯಲೈಜ್‌ಅರೇ ಹಾಕಿದೆ. ಅದು ಕೊಡುವುದು ಅರೇ, ಜಾವಾಸ್ಕ್ರಿಪ್ಟ್‌ಗೆ ಅದೂ ಆಬ್ಜೆಕ್ಟೇ. ಹಾಗಾಗಿ ಪೋಸ್ಟ್ ಆಗುತ್ತದೆ. ಕಂಟ್ರೋಲರ್‌ನೊಳಗೆ ಪಟ್ಟಿ ಕೊಡುವ ಆಕ್ಷನ್ ಮೇಲೆ ಎಚ್‌ಟಿಟಿಪಿಪೋಸ್ಟ್ ಎಂಬ ಗುರುತು ಹಾಕಿದೆ, ಇನ್ನು ಗೆಟ್ ಬಂದರೆ ಒಳಗೇ ಬಿಡುವುದಿಲ್ಲ. ಮಾಡೆಲ್‌ಸ್ಟೇಟ್ ನೋಡುವ ಸಾಲನ್ನೂ ಸೇರಿಸಿದೆ.

ಪೋಸ್ಟ್ ಆದದ್ದರಿಂದ ಇನ್ನೊಂದು ಉಪಕಾರವೂ ಆಯಿತು. ಅವರು ಫಾರ್ಮ್‌ನಲ್ಲಿ ಊರಿನ ವಿಳಾಸವನ್ನೂ ಬರೆಯುತ್ತಾರೆ, ಅದೂ ಕನ್ನಡದಲ್ಲೇ. ಯುಆರ್‌ಎಲ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ 9 ಅಕ್ಷರದಷ್ಟು ಉದ್ದವಾಗುತ್ತದೆ. 'ಬ್ರಹ್ಮಾವರ' ಒಂದೇ ಪದಕ್ಕೆ 81. ನಾವಾಗಿ ಬದಲಿಸದಿದ್ದರೆ ಕ್ವೆರಿ ಸ್ಟ್ರಿಂಗ್‌ಗೆ (ಯುಆರ್‌ಎಲ್‌ನಲ್ಲಿ ಪ್ರಶ್ನೆ ಚಿಹ್ನೆಯ ನಂತರದ ಭಾಗಕ್ಕೆ) ಇರುವ ಮಿತಿ 2048 ಅಕ್ಷರ. ಊರು, ಗುರುತು, ದಾರಿ ಎಲ್ಲ ಬರೆದರೆ ಬೇಗ ತುಂಬಿಬಿಡುತ್ತದೆ.

ಇನ್ನೊಂದು ಎಚ್ಚರ: ಫಾರ್ಮ್‌ನ ತಾರೀಕಿನ ಪೆಟ್ಟಿಗೆಯನ್ನು ಯಾರೂ ಬದಲಿಸಬಾರದು ಅಂತ ಡಿಸೇಬಲ್ ಮಾಡಿದರೆ ಅದರಲ್ಲಿರುವ ತಾರೀಕು ಸರ್ವರ್‌ಗೆ ಹೋಗುವುದೇ ಇಲ್ಲ. ರೀಡ್‌ಓನ್ಲಿ ಮಾಡಿ. ಪೆಟ್ಟಿಗೆಗೆ ಐಡಿ ಇದ್ದು ನೇಮ್ ಇಲ್ಲದಿದ್ದರೂ ಅದು ಹೋಗುವುದಿಲ್ಲ.

ಸರ್ವರ್‌ನಲ್ಲಿ ತಪ್ಪಾದರೆ ಲೋಡ್ ಸುಮ್ನೆ ಇರುತ್ತದೆ, ಹಳೆಯ ಪಟ್ಟಿ ಹಾಗೇ ನಿಂತಿರುತ್ತದೆ. ಬಾಡಿಗೆಗೆ ಕೊಡುವವರು ಅದನ್ನೇ ಹೊಸದು ಅಂದುಕೊಳ್ಳುತ್ತಾರೆ. ಅದಕ್ಕೆ ಲೋಡ್ ಮುಗಿದ ಮೇಲೆ ಓಡುವ ಕಾಲ್‌ಬ್ಯಾಕ್‌ನಲ್ಲಿ ಸ್ಟೇಟಸ್ ನೋಡಿ, ಎರರ್ ಇದ್ದರೆ ಪಟ್ಟಿ ಅಳಿಸಿ "ಮತ್ತೆ ಪ್ರಯತ್ನಿಸಿ" ಎಂದು ತೋರಿಸುತ್ತೇನೆ. ಪಟ್ಟಿಯ ಮೇಲ್ಗಡೆ ಸರ್ವರ್ ಓದಿದ ತಾರೀಕನ್ನೂ ಅಕ್ಷರದಲ್ಲಿ ಬರೆಸಿದ್ದೇನೆ: "ಡಿಸೆಂಬರ್ 5ಕ್ಕೆ ಸಿಗುವ ಸೆಟ್‌ಗಳು". ಫೋನಿನಲ್ಲಿ ಗಿರಾಕಿಗೆ ಉತ್ತರ ಕೊಡುವ ಮೊದಲು ಅವರು ಈಗ ಆ ಸಾಲನ್ನು ಓದಿ ಹೇಳುತ್ತಾರೆ.